ಒಂಟಿ ಅಂದರೇನು ಅಂತ ಟಾಂಪೆರೆಯಲ್ಲಿ ಕೇಳಿದರು

ಪೀಣ್ಯ ಎರಡನೇ ಹಂತ

“ಪಾಸ್‌ಪೋರ್ಟ್ ಬೇಕಾದ್ರೆ ಮಾಡಿಸ್ಕೊಳಮ್ಮ. ಅದಕ್ಕೆ ಸೀಲ್ ಬೀಳೋದು ಮಾತ್ರ ಆಗದ ಹೋಗದ ಮಾತು” ಅಂದವರು ನಮ್ಮ ಮನೆ ಓನರ್ ಮುನಿರಾಜಣ್ಣ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶೀಟಿನ ಮನೆಗಳ ಸಾಲಿದೆ. ಅದರಲ್ಲಿ ಕೊನೆಯದು ನಮ್ಮದು. ಮನುಷ್ಯ ಕೆಟ್ಟವರಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾ ಸಂಜೆ ಕಾಲೇಜಿಗೆ ಸೇರಿದಾಗಲೂ “ಡಿಗ್ರಿ ಮುಗಿಯಲ್ಲ ಬಿಡು” ಅಂದಿದ್ದರು. ಮುಗಿದ ದಿನ ಸ್ವೀಟ್ ಬಾಕ್ಸ್ ತಂದುಕೊಟ್ಟವರೂ ಅವರೇ. ಹಾಗಾಗಿ ಅವರು ಆಗಲ್ಲ ಅಂದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಅಪ್ಪ ಇಲ್ಲ. ಅಮ್ಮ ಒಂದು ನಟ್ಟು-ಬೋಲ್ಟು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಬಿಎ ಆದ ಮೇಲೆ ಎಂಎಸ್‌ಡಬ್ಲ್ಯೂ ಕೂಡ ಕಟ್ಟಿ ಪಾಸು ಮಾಡಿ, ಈಗ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೇನೆ. ಪೀಣ್ಯದ ಗಾರ್ಮೆಂಟ್ಸ್ ಹಾಸ್ಟೆಲುಗಳಲ್ಲಿರುವ ಹೆಣ್ಣುಮಕ್ಕಳ ಜೊತೆ ಕೂತು ಅವರ ಮನಸ್ಸಿನ ಕಷ್ಟ ಕೇಳುವುದು ನನ್ನ ಕೆಲಸ. ಒಂದು ಹಾಸ್ಟೆಲಿನಲ್ಲಿ ಅದಕ್ಕೆಂದೇ ಸಣ್ಣ ಕೋಣೆ ಕೊಟ್ಟಿದ್ದಾರೆ. ಹುಡುಗಿಯರು ಅದಕ್ಕೆ ಹರಟೆ ರೂಮು ಅನ್ನುತ್ತಾರೆ. ಚಾಪೆ, ಫ್ಯಾನು, ಒಂದು ಕನ್ನಡಿ, ಅಷ್ಟೇ ಅದರೊಳಗಿರುವುದು.

ಕಳೆದ ವರ್ಷ ನಮ್ಮ ಸಂಸ್ಥೆಗೆ ಹೊರದೇಶದಿಂದ ಒಂದು ಪ್ರಶ್ನೆಪಟ್ಟಿ ಬಂತು. ಕಾರ್ಮಿಕರಿಗೆ ಒಂಟಿತನ ಎಷ್ಟಿದೆ ಅಂತ ತಿಳಿಯುವುದಕ್ಕೆ. ಇಂಗ್ಲಿಷಿನಲ್ಲಿದ್ದ ಅದನ್ನು ಕನ್ನಡ ಮಾಡಿದವಳು ನಾನು. ಹಾಸ್ಟೆಲಿನ ಊಟದ ಹಾಲಿನಲ್ಲಿ ಕೂತು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡವಳೂ ನಾನು. ಲೆಕ್ಕಕ್ಕೆ ಇನ್ನಷ್ಟು ಜನ ಬೇಕೆಂದು ಅಮ್ಮನ ಕಾರ್ಖಾನೆಯ ಪ್ಯಾಕಿಂಗ್‌ನವರನ್ನೂ ಕೇಳಿದೆ. “ನಿಮಗೆ ಒಂಟಿ ಅನ್ನಿಸುತ್ತದೆಯೇ?” ಅನ್ನುವ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ “ಇಲ್ಲ” ಅಂದರು. ನಮ್ಮ ಮೇಡಂ, ಅಂದರೆ ಸಂಸ್ಥೆ ನಡೆಸುವವರು, ಕುಣಿದಾಡಿಬಿಟ್ಟರು. “ಆರು ಮಂದಿ, ಒಂದು ಕೋಣೆ, ಒಂಟಿತನವಿಲ್ಲ” ಅಂತ ಹೆಸರಿಟ್ಟು ವರದಿ ಕಳಿಸಿದರು. ಫಿನ್ಲೆಂಡಿನ ಟಾಂಪೆರೆ ಅನ್ನುವ ಊರಲ್ಲಿ ಒಂಟಿತನದ ಬಗ್ಗೆಯೇ ದೊಡ್ಡ ಸಮ್ಮೇಳನ, ಬಂದು ಮಾತಾಡಿ ಅಂತ ಕರೆ ಬಂತು. ಟಿಕೆಟ್ಟೂ ಅವರದೇ.

ಹೊರಡುವ ಹಿಂದಿನ ದಿನ ಹಾಸ್ಟೆಲ್ ಮ್ಯಾನೇಜರ್ ಸಿಕ್ಕಿದರು.

“ಕಂಗ್ರಾಟ್ಸ್ ಮೇಡಂ. ಅಂದಹಾಗೆ, ಯಾರಿಗೂ ಒಂಟಿತನ ಇಲ್ಲ ಅಂತ ನೀವೇ ಬರೆದಿದೀರಂತಲ್ಲ. ಮತ್ತೆ ಆ ಹರಟೆ ರೂಮ್ ಯಾಕೆ? ನಾಲ್ಕು ಬಂಕರ್ ಮಂಚ ಹಾಕಿಸ್ತೀನಿ.”

“ಬಂದ ಮೇಲೆ ಮಾತಾಡೋಣ ಸಾರ್.”

“ಬರುವಾಗ ಅವರ ಕೈಲೂ ಒಂದು ಪೇಪರ್ ಬರೆಸ್ಕೊಂಡ್ ಬನ್ನಿ. ಫಾರಿನ್ ಪೇಪರ್ ತೋರಿಸಿದ್ರೆ ನಮ್ಮ ಹೆಡ್ ಆಫೀಸ್ ತಕ್ಷಣ ಸ್ಯಾಂಕ್ಷನ್ ಮಾಡ್ತಾರೆ.”

ನಕ್ಕು ಹೊರಟೆ. ಆದರೆ ಆ ನಾಲ್ಕು ಮಂಚ ವಿಮಾನ ಹತ್ತುವವರೆಗೂ ತಲೆಯಲ್ಲಿ ಕೂತಿದ್ದವು.

ಹೆಲ್ಸಿಂಕಿ: ಸೀಲು

ವಿಮಾನದ ಬಗ್ಗೆ ಏನೂ ಬರೆಯುವುದಿಲ್ಲ. ಸೀಟ್ ಬೆಲ್ಟನ್ನು ಬಿಚ್ಚಲೇ ಇಲ್ಲ, ಬಾತ್‌ರೂಮಿಗೆ ಹೋಗಲೂ ಇಲ್ಲ. ಅಷ್ಟು ಹೇಳಿದರೆ ಸಾಕು.

ಹೆಲ್ಸಿಂಕಿಯಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಯಾಕೆ ಬಂದೆ ಅಂತ ಕೇಳಿದರು. ಸಾಲಿನಲ್ಲಿ ನಿಂತು ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಗಿ “ಒಂಟಿತನಕ್ಕೆ” ಅಂದುಬಿಟ್ಟೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು.

“ಒಬ್ಬಳೇ ಬಂದಿದ್ದೀಯಾ?”

“ಹೌದು ಸಾರ್.”

ಮತ್ತೆ ಕಾಗದ ತಿರುವಿದರು. ವಾಪಸ್ಸು ಕಳಿಸಿದರೆ ಮುನಿರಾಜಣ್ಣನ ಗೇಟು ದಾಟುವುದು ಹೇಗೆ ಅಂತ ಯೋಚಿಸುತ್ತಿದ್ದೆ.

“ಸರಿಯಾದ ದೇಶಕ್ಕೇ ಬಂದಿದ್ದೀಯ” ಅಂದು ಸೀಲು ಒತ್ತಿದರು. ನಗಲಿಲ್ಲ. ಅದು ತಮಾಷೆ ಅಂತ ನನಗೆ ಹೊಳೆದದ್ದು ರೈಲು ಹತ್ತಿದ ಮೇಲೆ.

ಟಾಂಪೆರೆ: ಟ್ರಾಮಿನಲ್ಲಿ

ಟಾಂಪೆರೆ ಹಳೇ ಕಾರ್ಖಾನೆಗಳ ಊರು. ಊರ ನಡುವೆ ಹೊಳೆ ಧುಮುಕುತ್ತದೆ, ಅದರ ಎರಡೂ ಬದಿಗೆ ಕೆಂಪು ಇಟ್ಟಿಗೆಯ ಮಿಲ್ಲುಗಳು, ಚಿಮಣಿಗಳು. ನೋಡಿದ ಕೂಡಲೇ ನನಗೆ ಪೀಣ್ಯ ನೆನಪಾಯಿತು. ಸದ್ದು ಮಾತ್ರ ಇಲ್ಲ. ಮಿಲ್ಲುಗಳೊಳಗೆ ಈಗ ಹೋಟೆಲು, ಮ್ಯೂಸಿಯಂ.

ನನ್ನನ್ನು ನೋಡಿಕೊಳ್ಳುವುದಕ್ಕೆ ಸಮ್ಮೇಳನದವರು ಒಬ್ಬ ಸ್ವಯಂಸೇವಕಿಯನ್ನು ನೇಮಿಸಿದ್ದರು. ಹೆಸರು ಮಾರ್ಯ. ಎಪ್ಪತ್ತು ದಾಟಿದವರು, ಹುಡುಗಿಯಾಗಿದ್ದಾಗ ಅದೇ ಮಿಲ್ಲುಗಳಲ್ಲೊಂದರಲ್ಲಿ ನೇಯುತ್ತಿದ್ದವರು. ಮೇಡಂ ಅಂದರೆ ಬೇಡ ಅಂದರು. ಬರೀ ಹೆಸರು ಹಿಡಿದು ಕರೆಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಮಾರ್ಯಕ್ಕ ಅಂದೆ. ಅವರಿಗೂ ಹಿಡಿಸಿತು. ಅವರ ಇಂಗ್ಲಿಷೂ ಕುಂಟುತ್ತಿತ್ತು, ನನ್ನದೂ ಕುಂಟುತ್ತಿತ್ತು, ಹಾಗಾಗಿ ಜೊತೆಯಾಗಿ ನಡೆಯುವುದು ಸುಲಭವಾಯಿತು.

ಆ ಊರ ಜನ ಟ್ರಾಮ್ ಸ್ಟಾಪಿನಲ್ಲಿ ಒಬ್ಬರಿಂದೊಬ್ಬರು ಒಂದು ಮಾರು ದೂರ ನಿಲ್ಲುತ್ತಾರೆ. ನಾನು ಅಭ್ಯಾಸಬಲದಿಂದ ಒಬ್ಬರ ಬೆನ್ನಿಗೆ ಅಂಟಿಕೊಂಡು ನಿಂತೆ. ಅವರು ಒಂದು ಹೆಜ್ಜೆ ಸರಿದರು. ಸಾಲು ಮುಂದಕ್ಕೆ ಹೋಯಿತೆಂದು ನಾನೂ ಒಂದು ಹೆಜ್ಜೆ ಇಟ್ಟೆ. ಹೀಗೇ ಇಬ್ಬರೂ ಸ್ಟಾಪಿನ ಕೊನೆಯವರೆಗೂ ಹೋದೆವು.

ಟ್ರಾಮಿನೊಳಗೆ ಅದಕ್ಕಿಂತ ದೊಡ್ಡ ಎಡವಟ್ಟಾಯಿತು. ನನಗೆ ಸೀಟು ಸಿಕ್ಕಿತ್ತು, ಪಕ್ಕದಲ್ಲಿ ಒಬ್ಬ ಅಜ್ಜಿ ಭಾರದ ಚೀಲ ಹಿಡಿದು ನಿಂತಿದ್ದರು. ನಮ್ಮ ಬಸ್ಸಿನಲ್ಲಾದರೆ ನಿಂತವರು ಕೇಳುವುದೂ ಇಲ್ಲ, “ಸ್ವಲ್ಪ ಇಟ್ಕೊಳಿ” ಅಂತ ಕೂತವರ ತೊಡೆಯ ಮೇಲೆ ಬ್ಯಾಗು ಇಟ್ಟೇಬಿಡುತ್ತಾರೆ. ಜಾಲಹಳ್ಳಿ ಕ್ರಾಸು ದಾಟುವಷ್ಟರಲ್ಲಿ ನನ್ನ ಮಡಿಲಲ್ಲಿ ಮೂರು ಟಿಫಿನ್ ಬ್ಯಾಗಾದರೂ ಇರುತ್ತಿದ್ದವು. ಅದೇ ರೂಢಿಯಲ್ಲಿ ಅಜ್ಜಿಯ ಚೀಲಕ್ಕೆ ಕೈ ಹಾಕಿ ಎಳೆದೆ. ಅಜ್ಜಿ ಕಿರುಚಲಿಲ್ಲ. ಎರಡೂ ಕೈಯಲ್ಲಿ ಚೀಲ ಎದೆಗವಚಿಕೊಂಡು ನನ್ನನ್ನೇ ನೋಡಿದರು. ಇಡೀ ಟ್ರಾಮು ನನ್ನನ್ನೇ ನೋಡಿತು. ಯಾರೂ ಏನೂ ಅನ್ನಲಿಲ್ಲ, ಬೈದಿದ್ದರೆ ವಾಸಿಯಿತ್ತು. ಡ್ರೈವರ್ ಪೊಲೀಸರನ್ನು ಕರೆದರೆ ಏನು ಹೇಳಲಿ ಅಂತ ಇಂಗ್ಲಿಷ್ ಪದ ಹುಡುಕತೊಡಗಿದೆ.

ಮಾರ್ಯಕ್ಕ ಅವರ ಭಾಷೆಯಲ್ಲಿ ಏನೋ ವಿವರಿಸಿದರು. ಅಜ್ಜಿ ಬಹಳ ಹೊತ್ತು ಯೋಚಿಸಿದರು. ಇಳಿಯುವುದಕ್ಕೆ ಒಂದು ಸ್ಟಾಪು ಮುಂಚೆ ಚೀಲವನ್ನು ನನ್ನ ತೊಡೆಯ ಮೇಲಿಟ್ಟರು. ಆಲೂಗಡ್ಡೆ ಇತ್ತು. ಒಂದೇ ಸ್ಟಾಪು ಹಿಡಿದುಕೊಂಡೆ.

ಸಮ್ಮೇಳನದ ಮೊದಲ ದಿನ

ಹಾಲಿನಲ್ಲಿ ಒಬ್ಬರಾದ ಮೇಲೊಬ್ಬರು ತಜ್ಞರು ಮಾತಾಡಿದರು. ಜನರ ನಡುವಿನ ಸಂಬಂಧ ಕಡಿದುಹೋದರೆ ಮೈಗೂ ಕಾಯಿಲೆ ಬರುತ್ತದೆ ಅಂತ ಒಬ್ಬ ಡಾಕ್ಟರು ಹೇಳಿದರು. ಬೆಂಚು, ಪಾರ್ಕು, ಮೆಟ್ಟಿಲು ಇವನ್ನು ಹೇಗೆ ಕಟ್ಟಿದರೆ ಅಕ್ಕಪಕ್ಕದವರು ಮಾತಾಡುತ್ತಾರೆ ಅಂತ ಒಬ್ಬರು ಚಿತ್ರ ತೋರಿಸಿದರು. ನಾನು ನೋಟ್ಸ್ ಬರೆದು ಬರೆದು ಬೆರಳು ನೋಯಿಸಿಕೊಂಡೆ. ಅವರೆಲ್ಲ ನನ್ನನ್ನೂ ತಜ್ಞೆ ಅಂತಲೇ ಕರೆಯುತ್ತಿದ್ದರು. ಕತ್ತಿನಲ್ಲಿ ತೂಗಿದ ಕಾರ್ಡನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮಧ್ಯಾಹ್ನ ನನ್ನ ಪೋಸ್ಟರಿನ ಮುಂದೆ ಜನ ಸೇರಿದರು. ಅದರಲ್ಲಿ ಬಿಳಿಗಡ್ಡದ ಒಬ್ಬ ಪ್ರೊಫೆಸರ್. ಸಮ್ಮೇಳನದ ಕೊನೆಗೆ ಬರುವ ವರದಿಯನ್ನು ಬರೆಯುವವರು ಅವರೇ ಅಂತೆ.

“ಇದು ಅದ್ಭುತ. ನಾವಿಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆ ಕಟ್ಟಿ ಹಾಳಾದೆವು. ನಿಮ್ಮವರು ಆರು ಜನ ಒಂದು ಕೋಣೆಯಲ್ಲಿದ್ದು ಸುಖವಾಗಿದ್ದಾರೆ. ಇದನ್ನು ನಮ್ಮ ವರದಿಯಲ್ಲಿ ಉದಾಹರಣೆಯಾಗಿ ಹಾಕುತ್ತೇನೆ. ಮುಂದಿನ ವರ್ಷದ ನಮ್ಮ ಯೋಜನೆಯಲ್ಲಿ ನೀನು ಇರಬೇಕು.”

ಕಾಲರ್ ಹೊಲಿಯುತ್ತಿದ್ದವಳ ಮಾತು ಪುಸ್ತಕಕ್ಕೆ ಹೋಗುತ್ತದೆ ಅನ್ನುವ ಸಂತೋಷ ಒಂದು ಕಡೆ. ಇನ್ನೊಂದು ಕಡೆ ಆ ಮ್ಯಾನೇಜರ್ ಕೇಳಿದ್ದ ಫಾರಿನ್ ಪೇಪರು. ಮರುದಿನ ಮಧ್ಯಾಹ್ನ ಎರಡಕ್ಕೆ ವೇದಿಕೆಯ ಮೇಲೆ ನನ್ನ ಮಾತಿತ್ತು.

ಬಿಸಿ ಕೋಣೆ

ಸಂಜೆ ಬೆಳಕಿರುವಾಗಲೇ ಅತಿಥಿಗಳನ್ನೆಲ್ಲ ಊರಿನ ಹಳೇ ಸೌನಾಗೆ ಕರೆದೊಯ್ದರು. ಕಾದ ಕಲ್ಲಿಗೆ ನೀರು ಹಾಕಿ ಹಬೆಯಲ್ಲಿ ಕೂರುವ ಕೋಣೆ ಅದು. ಹೆಂಗಸರಿಗೆ ಬೇರೆ. ನಾನು ನೈಟಿ ತೊಟ್ಟು ಬಾಗಿಲು ತೆಗೆದೆ. ಒಳಗೆ ಹತ್ತು ಹನ್ನೆರಡು ಜನ ಹೆಂಗಸರು ಮೆಟ್ಟಿಲ ಮೇಲೆ ಕೂತಿದ್ದಾರೆ, ಯಾರ ಮೈಮೇಲೂ ಒಂದು ಎಳೆ ದಾರವಿಲ್ಲ. ಬಾಗಿಲು ಹಾಕಿಕೊಂಡು ಹಾಗೇ ಹಿಂದೆ ಬಂದೆ. ಮಾರ್ಯಕ್ಕ ಬಂದು ದೊಡ್ಡ ಟವೆಲ್ಲು ಕೊಟ್ಟು, “ಸುತ್ತಿಕೋ, ಯಾರೂ ನೋಡುವುದಿಲ್ಲ” ಅಂದರು. ನಿಜಕ್ಕೂ ಯಾರೂ ನೋಡಲಿಲ್ಲ.

ಟ್ರಾಮಿನಲ್ಲಿ ಪಕ್ಕದ ಸೀಟಿಗೂ ಬಾರದ ಜನ ಇಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಪರಿಚಯವಿಲ್ಲದವರ ಹತ್ತಿರ ಮೊಣಕಾಲು ನೋವಿನಿಂದ ಹಿಡಿದು ಸೊಸೆಯವರೆಗೂ ಮಾತಾಡುತ್ತಿದ್ದರು. ಹಬೆ ಮೂಗು ಸುಡುತ್ತಿತ್ತು. ನಾನು ಕೆಳಗಿನ ಮೆಟ್ಟಿಲಲ್ಲಿ ಮುದುರಿ ಕೂತೆ.

“ನಿನ್ನ ಪೋಸ್ಟರು ಓದಿದೆ” ಅಂದರು ಮಾರ್ಯಕ್ಕ. “ನಾನೂ ಮಿಲ್ಲಿನ ಹಾಸ್ಟೆಲಿನಲ್ಲಿದ್ದೆ. ನಾಲ್ಕು ಜನ ಒಂದು ಕೋಣೆ. ದಿನಾ ಅಳುತ್ತಿದ್ದೆ. ಅದಕ್ಕೇ ಕೇಳುತ್ತೇನೆ, ನಿಮ್ಮ ಭಾಷೆಯಲ್ಲಿ ಯಾವ ಪದ ಹಾಕಿ ಕೇಳಿದೆ?”

“ಒಂಟಿ.”

“ಒಂಟಿ. ಅಂದರೇನು? ನಮ್ಮಲ್ಲಿ ಎರಡಿವೆ. ಯುಕ್ಸಿನ್ ಅಂದರೆ ಒಬ್ಬರೇ ಇರುವುದು. ಅದರಲ್ಲಿ ನೋವೇನಿಲ್ಲ. ಯುಕ್ಸಿನ್ಯಾಯ್ನೆನ್ ಅಂದರೆ ಒಳಗೆ ಕೊರೆಯುವುದು. ನಿನ್ನ ಒಂಟಿ ಯಾವುದು?”

“ಅದು… ಜೊತೆ ಇಲ್ಲದೆ ಇರುವುದು. ಕಾಡಲ್ಲಿ ಒಂಟಿ ಆನೆ ಅಂತೀವಿ. ಊರಾಚೆ ಒಂಟಿ ಮನೆ. ಆಮೇಲೆ ಒಂಟಿ ಹೆಂಗಸು…”

ಒಂಟಿ ಹೆಂಗಸು. ಪೇಪರಿನಲ್ಲಿ ಸರಗಳ್ಳತನದ ಸುದ್ದಿಯಲ್ಲಿ ಬರುವ ಪದ. ಗಂಡ ಬಿಟ್ಟವಳು, ಹಿಂದೆಮುಂದೆ ಯಾರೂ ಇಲ್ಲದವಳು. ಅದನ್ನು ನಾನು ಊಟದ ಹಾಲಿನಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ವಾರ್ಡನ್ ಕೂತಿರುವಾಗ, ಮದುವೆ ವಯಸ್ಸಿನ ಹುಡುಗಿಯರನ್ನು ಕೇಳಿದ್ದೆ.

ಇನ್ನೊಂದು ನೆನಪು ಅದಕ್ಕಿಂತ ಕೆಟ್ಟದಾಗಿ ಬಂತು. ಮೊದಲು ನಾನು ಬರೆದದ್ದು ಒಂಟಿ ಅಂತ ಅಲ್ಲ. “ಬೇಜಾರಾಗುತ್ತಾ?” ಅಂತ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಬೇಜಾರು ಅಂದರೆ ಮಷಿನ್ ಮುಂದೆ ಕೂತವರ ಮಾತು, ಎಂಎಸ್‌ಡಬ್ಲ್ಯೂ ಮಾಡಿದವಳು ಬರೆದ ಹಾಗೆ ಕಾಣಲ್ಲ ಅನ್ನಿಸಿತ್ತು.

ಯಾರೋ ಕಲ್ಲಿಗೆ ಮತ್ತೆ ನೀರು ಹಾಕಿದರು. ಉಸಿರು ಕಟ್ಟಿ ಎದ್ದು ಹೊರಗೆ ಓಡಿದೆ.

ರೂಮಿಗೆ ಬಂದವಳೇ ರತ್ನಾಗೆ ವಾಯ್ಸ್ ಮೆಸೇಜ್ ಹಾಕಿದೆ. ರತ್ನಾ ಆ ಹಾಸ್ಟೆಲಿನ ಹುಡುಗಿ, ಯಾದಗಿರಿ ಕಡೆಯಿಂದ ಬಂದವಳು, ಹರಟೆ ರೂಮಿಗೆ ತಪ್ಪದೆ ಬರುವವಳು. ಆ ಪ್ರಶ್ನೆ ಕೇಳಿದಾಗ ನಿನಗೆ ಏನು ಅರ್ಥವಾಯ್ತು, ಸುಳ್ಳು ಹೇಳಬೇಡ ಅಂದೆ.

ಎರಡನೆಯ ದಿನ: ಅಲ್ಲಿ ಊಟದ ಹೊತ್ತು

ಅವಳ ಫ್ಯಾಕ್ಟರಿಯಲ್ಲಿ ಫೋನು ಒಳಗೆ ಬಿಡುವುದಿಲ್ಲ. ಲಾಕರಿನಿಂದ ತೆಗೆಯುವುದು ಮಧ್ಯಾಹ್ನ ಒಂದಕ್ಕೆ. ಟಾಂಪೆರೆಯಲ್ಲಿ ಆಗ ಹತ್ತೂವರೆ. ನಾನು ಹಾಲಿನ ಹೊರಗೆ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದೆ. ಹತ್ತೂವರೆಗೆ ಸರಿಯಾಗಿ ಕರೆ ಬಂತು. ಹಿಂದಿನಿಂದ ತಟ್ಟೆ ಲೋಟದ ಸದ್ದು.

“ಅಕ್ಕ, ಬೈಬಾರ್ದು.”

“ಬೈಯಲ್ಲ, ಹೇಳು.”

“ನೀವು ಒಂಟಿನಾ ಅಂತ ಕೇಳಿದ್ರಿ. ಗಂಡ ಬಿಟ್ಟಾನೇನು ಅಂತ ಕೇಳ್ತಿದಾರೆ ಅನ್ಕೊಂಡ್ವಿ. ಹೂಂ ಅಂದ್ರೆ ವಾರ್ಡನ್ ಊರಿಗೆ ಫೋನ್ ಮಾಡ್ತಾಳೆ ಅಂತ ನಮ್ಮ ರೂಮಿನ ಲಲಿತಾ ಹೆದರಿಸಿದ್ಲು. ನಮ್ಮ ರೂಮಲ್ಲಿ ಎಲ್ಲಾರೂ ಇಲ್ಲ ಅಂತಾನೇ ಹೇಳೋಣ ಅಂತ ಮಾತಾಡ್ಕೊಂಡೇ ಬಂದಿದ್ವಿ.”

“ಬೇಜಾರಾಗುತ್ತಾ ಅಂತ ಕೇಳಿದ್ದಿದ್ರೆ?”

ಅವಳು ನಕ್ಕಳು. “ಅಯ್ಯೋ ಅಕ್ಕ, ಅದನ್ನ ಕೇಳಿದ್ದಿದ್ರೆ ನಿಮ್ಮ ಪೆನ್ನಲ್ಲಿ ಇಂಕ್ ಸಾಲ್ತಿರ್ಲಿಲ್ಲ.” ಆಮೇಲೆ ನಗು ನಿಲ್ಲಿಸಿದಳು. “ಆರು ಜನ ಅದೀವಿ, ಖರೆ. ಮೂರು ಮಂದಿ ಫಸ್ಟ್ ಶಿಫ್ಟು, ಮೂರು ಮಂದಿ ಸೆಕೆಂಡು. ಒಬ್ಬಾಕಿ ಮಕ್ಕೊಂಡಿದ್ರೆ ಇನ್ನೊಬ್ಬಾಕಿ ಲೈಟ್ ಹಾಕಂಗಿಲ್ಲ. ಅಳಬೇಕಂದ್ರೂ ಜಾಗ ಇಲ್ಲಕ್ಕ. ನಿಮ್ಮ ರೂಮಿಗೆ ಬಂದಾಗ ಅಷ್ಟೇ.”

ಗಂಟೆ ಹೊಡೆಯಿತು, ಹೊಲಿಗೆ ಲೈನಿಗೆ ಓಡಿದಳು.

ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು.

“ಮಂಜುಳಾ, ಈಗ ಹೇಳಲೇಬೇಕಾ? ಬಂದ್ಮೇಲೆ ಇಲ್ಲೇ ಸರಿ ಮಾಡ್ಕೊಳ್ಳೋಣ. ಅಲ್ಲಿ ಹೇಳಿದ್ರೆ ಇನ್ನು ಯಾರೂ ನಮ್ಮನ್ನ ಕರೆಯಲ್ಲ.”

“ಮೇಡಂ, ಅದು ವರದಿಗೆ ಹೋದ್ರೆ ಆ ರೂಮಿಗೆ ಮಂಚ ಬರುತ್ತೆ.”

“ನಿನ್ನಿಷ್ಟ ಕಣಮ್ಮ” ಅಂದು ಇಟ್ಟರು. ನಮ್ಮಲ್ಲಿ ನಿನ್ನಿಷ್ಟ ಅಂದರೆ ಏನರ್ಥ ಅಂತ ನಿಮಗೂ ಗೊತ್ತು.

ವೇದಿಕೆ

ಎರಡು ಗಂಟೆ. ಹೆಸರು ಕರೆದರು. ಮೈಕಿನ ಮುಂದೆ ನಿಂತರೆ ಕಾಲು ಮಷಿನ್ ತುಳಿದ ಹಾಗೆ ತಾನೇ ಅಲುಗುತ್ತಿತ್ತು. ಹಿಂದಿನ ಪರದೆಯಲ್ಲಿ ಆರು ಮಂದಿ, ಒಂದು ಕೋಣೆ ಅಂತ ದೊಡ್ಡದಾಗಿ ಬಂತು. ಎದುರಿಗೆ ಎರಡನೇ ಸಾಲಿನಲ್ಲಿ ಬಿಳಿಗಡ್ಡದ ಪ್ರೊಫೆಸರ್ ಪೆನ್ನು ಹಿಡಿದು ಕೂತಿದ್ದರು. ಬರೆದುಕೊಂಡು ಬಂದ ಭಾಷಣ ಕೈಯಲ್ಲೇ ಇತ್ತು. ಅದನ್ನು ಓದಿ ಇಳಿದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಜನರಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ.

ಕಾಗದ ಮಡಚಿದೆ.

“ಈ ಪರದೆಯ ಮೇಲಿರುವುದು ತಪ್ಪು” ಅಂದೆ. “ಹುಡುಗಿಯರು ತಪ್ಪು ಉತ್ತರ ಕೊಡಲಿಲ್ಲ. ಪ್ರಶ್ನೆ ಕೇಳಿದವಳು ನಾನು, ತಪ್ಪು ನನ್ನದು.” ಒಂಟಿ ಪದ ಹೇಳಿದೆ, ವಾರ್ಡನ್ ವಿಷಯ ಹೇಳಿದೆ. ಬೇಜಾರು ಅಂತ ಬರೆದು ಹೊಡೆದುಹಾಕಿದ್ದನ್ನೂ, ಯಾಕೆ ಹೊಡೆದುಹಾಕಿದೆ ಅನ್ನುವುದನ್ನೂ ಹೇಳಿದೆ. ಶಿಫ್ಟಿನ ವಿಷಯ, ಅಳುವುದಕ್ಕೆ ಜಾಗವಿಲ್ಲದ ವಿಷಯ ರತ್ನಾ ಹೇಳಿದಂತೆಯೇ ಹೇಳಿದೆ, ಅವಳ ಹೆಸರು ಬಿಟ್ಟು.

ಮುಗಿಯಿತು. ಚಪ್ಪಾಳೆ ಇಲ್ಲ. ಕೆಮ್ಮೂ ಇಲ್ಲ. ನಮ್ಮಲ್ಲಿ ಹಾಗೆ ಹಾಲು ತಣ್ಣಗಾದರೆ ಮರ್ಯಾದೆ ಹೋಯಿತು ಅಂತಲೇ ಲೆಕ್ಕ.

ಪ್ರೊಫೆಸರ್ ಎದ್ದರು. “ಹಾಗಾದರೆ ನಿನ್ನ ಕೆಲಸದಿಂದ ವರದಿಗೆ ತೆಗೆದುಕೊಳ್ಳುವಂಥದ್ದು ಏನೂ ಇಲ್ಲ.”

“ಇಲ್ಲ ಸಾರ್. ದಯವಿಟ್ಟು ತೆಗೆದುಹಾಕಿ.”

ಅವರು ಪುಟ ತಿರುವಿ ಉದ್ದಕ್ಕೆ ಒಂದು ಗೆರೆ ಎಳೆದರು. ಅಷ್ಟು ದೂರದಿಂದ ಆ ಗೆರೆಯ ಸದ್ದು ಕೇಳಿಸಿತೇನೋ ಅನ್ನಿಸಿತು. ಮುಂದಿನ ವರ್ಷದ ಯೋಜನೆಯ ಮಾತನ್ನು ಅವರು ಮತ್ತೆ ಎತ್ತಲೇ ಇಲ್ಲ.

ಹಿಂದಿನ ಸಾಲಿನಿಂದ ನರ್ಸೊಬ್ಬರು ಕೈ ಎತ್ತಿದರು. “ಈಗ ವಾಪಸ್ಸು ಹೋಗಿ ಏನಂತ ಕೇಳುತ್ತೀರಿ?”

ಯೋಚಿಸಿರಲಿಲ್ಲ. ಬಾಯಿಗೆ ಕನ್ನಡವೇ ಬಂತು. “ಬೇಜಾರಾದಾಗ ಯಾರ ಹತ್ರ ಹೇಳ್ಕೋತೀರ?” ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ನರ್ಸು “ಬೇಜಾರು” ಅಂತ ಎರಡು ಸಲ ಹೇಳಿ ನೋಡಿ ಬರೆದುಕೊಂಡರು.

ಇಳಿದು ಬಂದಾಗ ಮಾರ್ಯಕ್ಕನನ್ನು ಕೇಳಿದೆ, “ಎಲ್ಲರಿಗೂ ಸಿಟ್ಟು ಬಂತಾ?”

“ಯಾಕೆ?”

“ಯಾರೂ ಮಾತಾಡಲಿಲ್ಲ.”

“ಕೇಳಿಸಿಕೊಳ್ಳುತ್ತಿದ್ದರು” ಅಂದರು, ಇದನ್ನೂ ಹೇಳಬೇಕಾ ಅನ್ನುವಂತೆ.

ಕೊನೆಯ ದಿನ ಎಲ್ಲರಿಗೂ ಸರ್ಟಿಫಿಕೇಟು ಹಂಚಿದರು. ನನ್ನದರಲ್ಲಿ ಹೆಸರು ಸರಿಯಾಗಿತ್ತು. ಅದರ ಕೆಳಗೆ, ಮೊದಲೇ ಅಚ್ಚಾಗಿಹೋಗಿದ್ದರಿಂದ, ಅದೇ ತಪ್ಪು ತಲೆಬರಹ ಬಂಗಾರದ ಅಕ್ಷರದಲ್ಲಿ ಹೊಳೆಯುತ್ತಿತ್ತು.

ಮನೆ

ಬಂದ ಮರುದಿನವೇ ಹಾಸ್ಟೆಲಿಗೆ ಹೋಗಿ ಮ್ಯಾನೇಜರಿಗೆ ವಿಷಯ ಹೇಳಿದೆ, ಬರೆದೂ ಕೊಟ್ಟೆ. “ಏನ್ ಮೇಡಂ, ಹೋಗಿ ಬಂದು ಉಲ್ಟಾ ಹೊಡೀತೀರಲ್ಲ” ಅಂದರು. ಇವತ್ತಿನವರೆಗೂ ಮಂಚ ಬಂದಿಲ್ಲ. ನಾಳೆ ಬರಲ್ಲ ಅಂತ ಹೇಳಲಾರೆ.

ಅಮ್ಮ ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದು ಕೂತಳು. ಸರ್ಟಿಫಿಕೇಟು ಕೊಟ್ಟೆ. ಬೋಲ್ಟಿನ ಎಣ್ಣೆ ಅಂಟೀತು ಅಂತ ಸೆರಗಿಗೆ ಇನ್ನೊಂದು ಸಲ ಕೈ ಒರೆಸಿ, ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಏನಂತ ಬರ್ದವ್ರೆ?”

ಓದಿ ಹೇಳಿದೆ. ಇದು ತಪ್ಪು ಕಣಮ್ಮ ಅಂದೆ. ಒಂಟಿ ಅಂದದ್ದರಿಂದ ಹೀಗಾಯಿತು, ಎಲ್ಲರೂ ಹೆದರಿ ಇಲ್ಲ ಅಂದರು, ಈಗ ಎಲ್ಲರನ್ನೂ ಮತ್ತೆ ಕೇಳಬೇಕು ಅಂತ ವಿವರಿಸಿದೆ. ಅಮ್ಮ ಹಾಳೆಯ ಮೇಲೆ ಬೆರಳಾಡಿಸುತ್ತಾ ಕೇಳಿಸಿಕೊಂಡಳು. ಸ್ಟೌ ಮೇಲೆ ಹಾಲು ಉಕ್ಕಿತು, ಏಳಲಿಲ್ಲ.

“ಅಂಗಾರೆ ನಂದೂ ತಿದ್ಕೋ” ಅಂದಳು.

“ನಿಂದಾ?”

“ನಮ್ಮ ಪ್ಯಾಕಿಂಗ್‌ನೋರ್ನೂ ಕೇಳ್ಕೊಂಡೋದ್ಯಲ್ಲ. ನಾನೂ ಇಲ್ಲ ಅಂತ್ಲೇ ಬರ್ಸಿದ್ದೆ.”